ಹೂರಾದ ಮನೆಯ ಅಳತೆ

ಇಪ್ಪತ್ತೆರಡು ವರ್ಷ ಈ ಮನೆಗೆ ಬಂದಿದ್ದೇನೆ,
ಪರದೆಯ ತನಕ.
ಮುಂದಿನ ಕೋಣೆಯ ಕೆಂಪು ದಿಂಬುಗಳ ನಡುವೆ ನಿಂತು
ಲತೀಫಾ ಅಮ್ಮನ ಭುಜ, ತೋಳು, ಹಿಮ್ಮಡಿಯ ತನಕ ಉದ್ದ
ಪುಸ್ತಕದಲ್ಲಿ ಬರೆದುಕೊಂಡು, ಏಲಕ್ಕಿ ಕಾಫಿ ಕುಡಿದು
ಬೀದಿಗಿಳಿದಿದ್ದೇನೆ.
ಪರದೆ ಹೊಲಿದದ್ದೂ ನಾನೇ.
ಅದರಾಚೆ ಏನಿದೆಯೆಂದು ಇವತ್ತು ನೋಡಿದೆ,
ದಲ್ಲಾಳಿ ಮೊಯ್ದು ಬೀಗದ ಕೈಗೊಂಚಲು ಕುಲುಕುತ್ತ
ಮುಂದೆ ಹೋದಾಗ.

ಏಳು ಕೋಣೆ. ನಡುವೆ ಅಂಗಳ.
ಅಂಗಳದಲ್ಲಿ ಕಾಡುಬಾದಾಮಿ ಮರ,
ಅಂಕೋಲೆಯ ನಮ್ಮ ಶಾಲೆಯ ಹಿಂದೆ ಇದ್ದಂಥದೇ.
ಇವರು ಲೋಜ್ ಅನ್ನುತ್ತಾರೆ.
ಗೋಡೆಗೆ ಕೈಯಿಟ್ಟರೆ ಸುಣ್ಣ ಪುಡಿಪುಡಿ;
ನೆಲದಿಂದ ಮೊಣಕಾಲೆತ್ತರ ಉಪ್ಪು ಏರಿದೆ,
ರವಿಕೆಯ ಕಂಕುಳಲ್ಲಿ ಬೆವರೊಣಗಿ ಮೂಡುವ ಬಿಳಿ ಗೆರೆಯ ಹಾಗೆ.
"ಮೊದಲು ಕಡಲು ಈ ಬೀದಿಯ ತುದಿಗೇ ಇತ್ತು" ಎಂದ ಮೊಯ್ದು,
ಅದೂ ಒಂದು ಸವಲತ್ತೆಂಬಂತೆ.
ಈಗ ಅದನ್ನು ಹೂತು ಹೋಟೆಲು ಕಟ್ಟಿದ್ದಾರೆ.
ಕಡಲು ಹಳೇ ವಿಳಾಸ ಮರೆತಿಲ್ಲ.

ತಾರಸಿಯ ಮೇಲೆ ಏಸಿ ಒಂಬತ್ತು, ನಡೆಯುವುದು ಮೂರು.
ವೈರಿಂಗು ಮುಟ್ಟಬಾರದು. ಪೈಪಿನ ಮಾತು ಎತ್ತಬಾರದು.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಹಳೇ ಮನೆ ಕೊಂಡು ನೋಡು ಅನ್ನಲಿಲ್ಲ ಯಾಕೆ?
ನನಗೆ ಗೊತ್ತಿರುವುದಿಷ್ಟು: ಹೊಸದು ಹೊಲಿಯಲು ಒಂದು ದಿನ,
ಹಳೆಯದನ್ನು ಬಿಚ್ಚಿ ಹೊಲಿಯಲು ಮೂರು.
ಬಿಚ್ಚಿದ ಮೇಲೇ ತಿಳಿಯುವುದು ಬಟ್ಟೆ ಎಷ್ಟು ಜೀರ್ಣವೆಂದು.

ಆದರೂ ಏನು ಜಾಗ!
ಅಂಗಡಿಗೆ ನೂರು ಹೆಜ್ಜೆ. ಮೀನು, ಕ್ಲಿನಿಕ್ಕು, ಮೂರು ಬಸ್ಸು,
ಗುಂಡಿ ಜರಿ ಮಾರುವ ಬೋಹ್ರಾ ಮುದುಕ,
ಎಲ್ಲ ಕೂಗಿದರೆ ಕೇಳುವಷ್ಟು ದೂರ.
ಮತ್ತೆ ಆ ಉತ್ತರದ ಕೋಣೆ: ಕಪ್ಪಿನ ಮೇಲೆ ಕಪ್ಪು ದಾರ
ಕನ್ನಡಕವಿಲ್ಲದೆ ಕಾಣುವ ಬೆಳಕು.

ಗಿರಿಧರ ಕರೆಂಟು ಬಿಲ್ಲಿನ ಬೆನ್ನಲ್ಲಿ ಲೆಕ್ಕ ಹಾಕಿದ.
ನಮ್ಮದು ನಲವತ್ತು ಸಾವಿರ ದೀನಾರ್, ಮಿಕ್ಕ ಎಂಬತ್ತು ಬ್ಯಾಂಕಿನದು.
ಹದಿನೈದು ವರ್ಷದ ಕಂತು.
"ನಮ್ಮ ವೀಸಾ ಎರಡೆರಡು ವರ್ಷದ್ದು" ಎಂದ. ನಕ್ಕ.
ಆಮೇಲೆ ನಗಲಿಲ್ಲ.
ಹೇಗೆ ಕೂಡಿದರೂ ತಿಂಗಳಿಗೆ ಮುನ್ನೂರು ಕಡಿಮೆ.

ಅದಕ್ಕೂ ಮೊಯ್ದುವಿನ ಬಳಿ ಮದ್ದಿದೆ:
"ಹಿಂದಿನ ನಾಲ್ಕು ಕೋಣೆ. ಕೋಣೆಗೆ ಆರು ಜನ,
ಮೇಲೊಬ್ಬ ಕೆಳಗೊಬ್ಬ. ತಲೆಗೆ ಇಪ್ಪತ್ತು ದೀನಾರ್.
ಹುಡುಗರು ಸಾಲುಗಟ್ಟಿ ಬರ್ತಾರೆ, ಚೇಚಿ."

ಗಿರಿಧರ ಪೆನ್ನು ಮುಚ್ಚಿದ.
ಇದೇ ಬೀದಿಯಲ್ಲಿ, ಎರಡು ಮನೆ ಆಚೆ,
ಒಂಬತ್ತು ವರ್ಷ ಮೇಲಿನ ಮಂಚದಲ್ಲಿ ಮಲಗಿದವನು,
ರಾತ್ರಿ ಪಾಳಿಯವನು ಎದ್ದು ಹೋದ ಬಿಸಿಯಲ್ಲೇ.
ಈಗಲೂ ನಿದ್ದೆಯಿಂದ ಎದ್ದು ಕೂರುವಾಗ
ಮೊದಲು ತಲೆ ತಗ್ಗಿಸುತ್ತಾನೆ.

ಕಡೆಯ ಕೋಣೆಗೆ ಹೋಗಿ ಟೇಪು ಬಿಚ್ಚಿದೆ.
ಹದಿನಾಲ್ಕು ಅಡಿ, ಹನ್ನೆರಡು. ಆರು ಜನ ಹಿಡಿಯುತ್ತಾರೆ.
ಇಷ್ಟು ಬೇಗ ತಿಳಿದುಹೋಯಿತಲ್ಲ ಎಂದು ನಾಚಿಕೆಯಾಗಿ
ಮತ್ತೊಮ್ಮೆ ಅಳೆದೆ, ತಪ್ಪಿರಲಿ ಎಂದು.
ಅಷ್ಟೇ ಬಂತು.

ಲತೀಫಾ ಅಮ್ಮ ಮಗನ ಜೊತೆ ರಿಫಾಕ್ಕೆ ಹೋಗುತ್ತಾಳಂತೆ.
ಅಲ್ಲಿ ಅಂಗಳವಿಲ್ಲ, ಲಿಫ್ಟಿದೆ.
ವರ್ಷಕ್ಕೊಮ್ಮೆ ಅವಳ ಅಬಾಯ ಅರ್ಧ ಇಂಚು ಗಿಡ್ಡ ಮಾಡಿದ್ದೇನೆ,
ಹೇಳದೆ.
"ನೀನು ಮನೆಯಾಗಿಯೇ ಇಡ್ತೀ ತಾನೆ?"
ಎಂದಳು ತನ್ನ ಮುರುಕು ಹಿಂದಿಯಲ್ಲಿ.
ನಾನು ಪರದೆಯ ಅಂಚು ಮಗುಚಿ ನೋಡುತ್ತಿದ್ದೆ.
ಮುಂದೆ ಬೇಕಾದೀತೆಂದು ಆಗ ನಾಲ್ಕಿಂಚು
ಒಳಗೆ ಮಡಚಿ ಬಿಟ್ಟಿದ್ದೆ; ಅಲ್ಲಿ ಬಣ್ಣ ಇನ್ನೂ ಹೊಸದು.
ಕಾಫಿ ತಣ್ಣಗಾಯಿತು ಎಂದೆ.

ಗಿರಿಧರ ಆಗಲೇ ಚಪ್ಪಲಿ ಮೆಟ್ಟಿದ್ದ.
ಒಂಟೆ ದಾಟುವಷ್ಟು ಎತ್ತರದ ಆ ಬಾಗಿಲನ್ನೂ
ತಲೆ ತಗ್ಗಿಸಿ ದಾಟಿದ.
ಗುರುವಾರದೊಳಗೆ ಹೇಳಬೇಕಂತೆ.